ಸಿಪಾಯಿಯ ದನಿ

ಕಾರ್ಟೂನಿನ ಕಬ್ಬಿಣದ ಸಿಪಾಯಿ ಬಾಯಿ ತೆರೆಯುವ ಮೊದಲೇ ಟಿವಿ ಆರಿಸಿಬಿಡಬೇಕೆಂದು ಗಂಗಾ ರಿಮೋಟು ಹಿಡಿದು ಕೂತಿದ್ದಳು. ಹಟ ಮಾಡಿ ಟಿವಿ ಹಚ್ಚಿಸಿಕೊಂಡಿದ್ದ ನಾಲ್ಕು ವರ್ಷದ ಮಗಳು ಅಂಜಲಿ, ತಟ್ಟೆಯಲ್ಲಿದ್ದ ಚುರುಮರಿ ಮರೆತು ಕಣ್ಣರಳಿಸಿ ನೋಡುತ್ತಿದ್ದಳು.

ಕುಕನೂರಿನ ನಾಟಕಗಳಲ್ಲಿ ಭೀಮನಾಗುತ್ತಿದ್ದ ಅವಳ ಗಂಡ ವಿರುಪಾಕ್ಷಿಯದು ಗುಡುಗಿನಂಥ ದನಿ. ಬೇರೆ ಗ್ರಹದವರ ಯುದ್ಧದ ಇಂಗ್ಲಿಷ್ ಸಿನಿಮಾವೊಂದು ಕನ್ನಡಕ್ಕೆ ಬಂದಾಗ ಅದರಲ್ಲಿನ ಈ ಸಿಪಾಯಿಗೆ ಅವನೇ ದನಿ ಕೊಟ್ಟಿದ್ದ. ಆ ಸಿನಿಮಾ ಮಕ್ಕಳ ಕಾರ್ಟೂನಾದಾಗಲೂ ಅವನನ್ನೇ ಕರೆಸಿದ್ದರು. ಹೋದ ವರ್ಷ ಗಂಗಾವತಿ ರಸ್ತೆಯಲ್ಲಿ ಬೈಕಿಗೆ ಲಾರಿ ಬಡಿದು ಅವನು ತೀರಿಹೋದ. "ನಿಮ್ಮಪ್ಪ ಟಿವ್ಯಾಗ ಅದಾನವ್ವ, ದಿನಾ ಸಂಜೀಕ ಮಾತಾಡ್ತಾನ" ಎಂದು ಗಂಗಾ ಮಗಳನ್ನು ಸಮಾಧಾನ ಮಾಡಿದ್ದಳು. ಹಳೆಯ ಕಂತುಗಳು ಬರುವಷ್ಟು ದಿನ ಅದು ಸುಳ್ಳೆಂದು ಅವಳಿಗೂ ಅನಿಸಿರಲಿಲ್ಲ. ಆಮೇಲೆ ಆರು ತಿಂಗಳು ಕಾರ್ಟೂನು ನಿಂತೇ ಹೋಗಿತ್ತು. ಇವತ್ತಿನಿಂದ ಹೊಸ ಕಂತುಗಳು. ಅವುಗಳಲ್ಲಿ ವಿರುಪಾಕ್ಷಿ ಇರಲಿಲ್ಲ.

ಅವಳು ಗುಂಡಿ ಒತ್ತುವಷ್ಟರಲ್ಲಿ ಸಿಪಾಯಿ ಮಾತಾಡಿಯೇ ಬಿಟ್ಟ. ತೆಳ್ಳಗಿನ, ನಯವಾದ, ಯಾರೋ ಪರಸ್ಥಳದವನ ದನಿ. ಮಗಳು ಈಗ ತಿರುಗುತ್ತಾಳೆ, ಅಪ್ಪ ಎಲ್ಲಿ ಎಂದು ಕೇಳುತ್ತಾಳೆ ಎಂದು ಗಂಗಾ ಕಾದಳು. ಏನು ಹೇಳಬೇಕೆಂದು ಅವಳು ವಾರದಿಂದ ಯೋಚಿಸಿ ಇಟ್ಟುಕೊಂಡಿದ್ದಳು.

ಅಂಜಲಿ ತಿರುಗಿದಳು. ಮುಖ ಅರಳಿತ್ತು. "ಯವ್ವಾ, ಕೇಳಿಲ್ಲಿ! ಅಪ್ಪ ಮಾತಾಡಾಕತ್ತಾನ!"

ಆ ಗುಡುಗು ಮಗಳಿಗೆ ಮರೆತೇ ಹೋಗಿತ್ತು. ಗಂಗಾ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ತನ್ನ ಮುಖ ಕಾಣದಂತೆ ಅವಳ ನೆತ್ತಿಯ ಮೇಲೆ ಗದ್ದ ಊರಿದಳು.

"ಹೂಂನವ್ವ," ಎಂದಳು, "ನಿಮ್ಮಪ್ಪನ ಮಾತಾಡಾಕತ್ತಾನ."