ಬದಾಮಿ ಗಿಡದ ಬುಡಕ್ಕೆ ಹಿಕ್ಕೆ

ಜತ್ತಿನ ಬಸ್ ಸ್ಟ್ಯಾಂಡಿನಲ್ಲಿ ಬದಾಮಿ ಗಿಡದ ಕೆಂಪು ಎಲೆಯೊಂದು ಹೆಗಲ ಮೇಲೆ ಬಿದ್ದರೆ ನನಗೆ ಈಗಲೂ ಕುರಿಹಿಕ್ಕೆಯ ವಾಸನೆ ಬರುತ್ತದೆ.

ನಮ್ಮೂರ ಶಾಲೆಯ ಅಂಗಳದಲ್ಲಿ ಒಂದೇ ಒಂದು ಬದಾಮಿ ಸಸಿಯಿತ್ತು. ಮಧ್ಯಾಹ್ನ ಉಂಡ ಮೇಲೆ ನಾವೆಲ್ಲ ಅದರ ಬುಡದಲ್ಲೇ ಕೈ ತೊಳೆಯಬೇಕೆಂದು ಗುರೂಜಿ ಹೇಳಿದ್ದರು. ಆ ಎಂಜಲು ನೀರು ಕುಡಿದೇ ಅದು ನನ್ನ ಎತ್ತರಕ್ಕೆ ಬಂದಿತ್ತು. ಒಂದು ರವಿವಾರ ಕುರಿ ಕಾಯುವ ನಮ್ಮಜ್ಜನ ಹಿಂಡಿನ ಆಡುಗಳು ಮುಳ್ಳುಬೇಲಿ ದಾಟಿ ಅದರ ಸುಳಿಯನ್ನೂ ಬಿಡದೆ ತಿಂದವು.

"ನಿಮ್ಮ ಮನಿ ಆಡ ತಿಂದಾವ," ಎಂದಳು ಸೋಮವಾರ ತರಗತಿಯಲ್ಲಿ ಪಕ್ಕದ ಹುಡುಗಿ. ಇಡೀ ತರಗತಿ ನನ್ನ ಕಡೆ ತಿರುಗಿತು.

ಸಂಜೆ ಅಜ್ಜ ತಾನೇ ಬಂದು ಗುರೂಜಿಯ ಮುಂದೆ ನಿಂತ. "ತಪ್ಪ ನಮ್ಮದರಿ. ಇವತ್ತ ಹಿಂಡ ಇಲ್ಲೇ ತರಬತೀನ್ರಿ. ಬುಡಕ್ಕ ಹಿಕ್ಕಿ ಬಿದ್ದರ ಮತ್ತ ಚಿಗರತೈತಿ."

ಹೀಗೆ ಹೊಲದಲ್ಲಿ ಒಂದು ರಾತ್ರಿ ಹಿಂಡನ್ನು ತರುಬಿ ಮಲಗಿಸಿದರೆ ರೈತರು ಗೊಬ್ಬರಕ್ಕೆ ಬದಲಾಗಿ ಅಜ್ಜನಿಗೆ ಜೋಳ ಕೊಡುತ್ತಿದ್ದರು. ಶಾಲೆಗೆ ಪುಕ್ಕಟೆ.

ಮರುದಿನ ಪ್ರಾರ್ಥನೆಗೆ ಸಾಲು ನಿಂತಾಗ ಅಂಗಳವೆಲ್ಲ ಘಾಟು. ಹುಡುಗರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಅಜ್ಜ ಕುಕ್ಕರಗಾಲಲ್ಲಿ ಕೂತು, ಬರಿಗೈಯಿಂದ ಹಿಕ್ಕೆ ಬಳಿದು ಬೋಳು ಕಾಂಡದ ಸುತ್ತ ಹಾಕುತ್ತಿದ್ದ. ಅವನು ನನ್ನನ್ನು ಕರೆಯದಿರಲಿ ಎಂದು ಬೇಡುತ್ತ ನಾನು ನೆಲ ನೋಡುತ್ತಿದ್ದೆ.

ಕೆಲಸ ಮುಗಿಸಿದ ಅಜ್ಜ ಕಂಬಳಿಯನ್ನು ಹೆಗಲಿಗೇರಿಸಿ ನಮ್ಮ ಸಾಲಿನತ್ತಲೇ ಬಂದ. ದಿನಾ ದೂರದಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಿದ್ದವನು, ಅಂದು ನನ್ನ ಪಕ್ಕದಲ್ಲೇ ಗುರುತಿಲ್ಲದವನ ಹಾಗೆ ಹಾದುಹೋದ.