ಹಳೇ ಗಿರಾಕಿಯ ದೂರು

“ಮತ್ತೆ ಬಂತು ನೋಡು,” ಎಂದು ಬೇಕರಿಯ ಯಜಮಾನ ಫೋನನ್ನು ಹಿಟ್ಟಿನ ಹಲಗೆಯ ಮೇಲೆ ಕುಕ್ಕಿದ. ಬೀದಿಯವರ ಬಾಯಲ್ಲಿ ಅವನು ಬನ್ನಣ್ಣ. ಇದು ಆರನೇ ಸಲ. ಅದೇ ಒಂದು ನಕ್ಷತ್ರ, ಅದೇ ಹೆಸರು, ಅದೇ ನೀಲಿ ಚುಕ್ಕೆ.

ಬರೆದಿದ್ದು ಇಷ್ಟೇ: ‘ಬನ್ನು ಚೆನ್ನಾಗಿತ್ತು. ತಂದಿಟ್ಟವರು ಮುಖ ಎತ್ತಿ ನೋಡಲಿಲ್ಲ. ಮೊದಲು ಹೀಗಿರಲಿಲ್ಲ.’ ಹೆಸರಿನ ಜಾಗದಲ್ಲಿ ‘ಹಳೇ ಗಿರಾಕಿ’.

ಚುಕ್ಕೆ ಇಡುವುದು ಮಗಳ ಕಂಪ್ಯೂಟರು. ಗಿರಾಕಿಗಳು ಬೇಕರಿಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆದ ಅಭಿಪ್ರಾಯಗಳನ್ನೆಲ್ಲ ಓದಿ, ಬರೆದವರ ಮನಸ್ಸು ಹೇಗಿದೆ ಎಂದು ಹೇಳುವ ಪ್ರೋಗ್ರಾಂ ಒಂದನ್ನು ಅವಳು ಹಾಕಿದ್ದಳು. ಸಂತೋಷಕ್ಕೆ ಹಸಿರು, ಸಿಟ್ಟಿಗೆ ಕೆಂಪು, ದುಃಖಕ್ಕೆ ನೀಲಿ. ದೂರು ರುಚಿಯದೋ, ಜಾಗದ್ದೋ, ಸೇವೆಯದೋ ಎಂದೂ ಅದು ವಿಂಗಡಿಸುತ್ತಿತ್ತು. ‘ಯಂತ್ರಕ್ಕೇನು ಗೊತ್ತು ಮಣ್ಣು’ ಎಂದಿದ್ದ ಬನ್ನಣ್ಣ ತಿಂಗಳೊಪ್ಪತ್ತಿನಲ್ಲಿ ಅದರ ಭಕ್ತನಾದ. ತಳ ಸೀದಿದೆ ಎಂದು ಕೆಂಪು ಬಿದ್ದರೆ ಓವನ್ನಿನ ತಟ್ಟೆಗಳ ಜಾಗ ಬದಲಿಸಿದ. ಕುರ್ಚಿ ಕುಂಟುತ್ತದೆ ಎಂದರೆ ಅಂದೇ ಅದರ ಕಾಲು ಸರಿಮಾಡಿದ. ಗಿರಾಕಿ ಹೇಳಿದ್ದೇ ಅವನಿಗೆ ವೇದವಾಕ್ಯ. ಮನೆಯವರ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ಹಳೇ ಚಾಳಿ.

ಎರಡು ತಿಂಗಳಲ್ಲಿ ಎದುರಿನ ಹೊಸ ಬೇಕರಿಗೆ ಹೋದವರೂ ವಾಪಸಾದರು. ಉಳಿದಿದ್ದು ಈ ನೀಲಿ ಚುಕ್ಕೆ ಒಂದೇ, ಸೇವೆಯ ಸಾಲಿನಲ್ಲಿ.

“ಎಲ್ಲಾ ಎದುರಿನವನದೇ ಕಿತಾಪತಿ,” ಎಂದ ಬನ್ನಣ್ಣ.

“ಅವನಾಗಿದ್ರೆ ಕೆಂಪು ಬೀಳ್ತಿತ್ತಪ್ಪಾ. ಇದು ದುಃಖ ಅಂತ ತೋರಿಸ್ತಿದೆ,” ಎಂದಳು ಮಗಳು.

“ಬನ್ನು ತಿಂದು ಯಾರಾದ್ರೂ ದುಃಖ ಪಡ್ತಾರೇನೇ? ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ.”

ಆದರೂ ಅವನು ಬಿಡಲಿಲ್ಲ. ಹದಿನೈದು ವರ್ಷದಿಂದ ಕೌಂಟರು ನೋಡಿಕೊಳ್ಳುತ್ತಿದ್ದ ಹೆಂಗಸನ್ನು, ಎಲ್ಲರ ಕೌಂಟರಮ್ಮನನ್ನು, ನಿಲ್ಲಿಸಿಕೊಂಡು ಪಾಠ ಮಾಡಿದ. ತಟ್ಟೆ ಇಡುವಾಗ ಮುಖ ನೋಡಬೇಕು. ಹೇಗಿದ್ದೀರಿ ಎನ್ನಬೇಕು. ಅವರು ಹೇಳುವುದನ್ನು ಪೂರ್ತಿ ಕೇಳಬೇಕು.

“ನಾನು ಯಾರ ಮುಖ ನೋಡ್ಲಿಲ್ಲ ಅಣ್ಣಾ?” ಎಂದು ಕೌಂಟರಮ್ಮ ಕಣ್ಣೊರೆಸಿಕೊಂಡಳು.

ಮೂರು ಗಂಟೆಯಾಯಿತು. ಬನ್ನಣ್ಣ ಟ್ರೇ ಹಿಡಿದು ಮಹಡಿ ಹತ್ತಿದ. ಸೊಂಟದ ಮೂಳೆ ಮುರಿದು, ಅದರ ಮೇಲೆ ಎದೆಯ ಕಾಯಿಲೆಯೂ ಸೇರಿ, ಹೆಂಡತಿ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ದಿನಾ ಮೂರಕ್ಕೆ ತಿಂಡಿ, ಹಾಲು, ಮಾತ್ರೆ. ಒಂದು ದಿನವೂ ಹೊತ್ತು ಮೀರಿಸಿದವನಲ್ಲ. ಸೇವೆ ಅಂದರೆ ಹೀಗೆ ಮಾಡಬೇಕು ಎಂದು ನೆಂಟರೆಲ್ಲ ಹೊಗಳುತ್ತಿದ್ದರು.

“ಒಂದು ಗಳಿಗೆ ಕೂತ್ಕೊಳ್ರೀ,” ಎಂದಳು ಹೆಂಡತಿ.

“ಓವನ್‌ನಲ್ಲಿ ಎರಡನೇ ಸರದಿ ಇದೆ ಕಣೇ. ಆಮೇಲೆ.” ಮಾತ್ರೆ ಎಣಿಸಿಟ್ಟು ಹೊದಿಕೆ ಸರಿಮಾಡಿದ. “ಆ ಹಳೇ ಗಿರಾಕಿ ಯಾರು ಅಂತ ಮೊದ್ಲು ಕಂಡುಹಿಡೀಬೇಕು. ತಲೆ ತಿಂತಿದ್ದಾನೆ.”

“ಏನು ಬೇಕಂತೆ ಪಾಪ?”

“ಯಾರಾದ್ರೂ ಮುಖ ನೋಡಿ ಎರಡು ಮಾತಾಡಬೇಕಂತೆ.”

“ಆಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಅದೂ ಸರಿಯೇ,” ಎನ್ನುತ್ತ ಅವನಾಗಲೇ ಮೆಟ್ಟಿಲಿಳಿಯುತ್ತಿದ್ದ.

ಮರುದಿನ ಬೆಳಿಗ್ಗೆ ಏಳನೇ ಚುಕ್ಕೆ: ‘ಕಿಟಕಿ ಪಕ್ಕದಲ್ಲೇ ಇರುತ್ತೇನೆ. ನೋಡುವವರಿಲ್ಲ.’

ಸಿಕ್ಕಿಬಿದ್ದನಲ್ಲ ಕಳ್ಳ ಎಂದುಕೊಂಡ ಬನ್ನಣ್ಣ. ಕಿಟಕಿ ಪಕ್ಕದ ಮೇಜೆಂದರೆ ನಿವೃತ್ತ ಬಸ್ ಕಂಡಕ್ಟರು. ಒಂದು ಬನ್ನಿಗೆ ಒಂದು ಗಂಟೆ ಕೂರುವ ಆಸಾಮಿ, ಬರುವುದೂ ಮೂರಕ್ಕೇ. ಅಂದು ಟ್ರೇಯನ್ನು ಕೌಂಟರಮ್ಮನ ಕೈಲಿ ಮಹಡಿಗೆ ಕಳಿಸಿ, ಬನ್ನಣ್ಣ ಕಂಡಕ್ಟರರ ಎದುರು ಕುರ್ಚಿ ಎಳೆದುಕೊಂಡ. ಮಾತಿಗೆ ಮಾತು ಬೆಳೆಯಿತು.

“ನೀವು ಕೂತಿರೋ ಜಾಗದಲ್ಲೇ ನನ್ನ ಹೆಂಡತಿ ಮೊದಲ ಸಲ ಕೂತಿದ್ದು, ಮದುವೆಗೆ ಮುಂಚೆ,” ಎಂದ. “ಬನ್ನು ಸಪ್ಪೆ ಅಂತ ಜಗಳ ತೆಗೆದಿದ್ಲು. ಸಮಾಧಾನ ಮಾಡೋಕೆ ಅರ್ಧ ಗಂಟೆ ಬೇಕಾಯ್ತು.” ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅವನು ಹಾಗೆ ನಕ್ಕು ತಿಂಗಳುಗಳೇ ಆಗಿದ್ದವು. ನಾಳೆಯೂ ಕೂರುತ್ತೇನೆ ಎಂದು ಮಾತು ಕೊಟ್ಟು ಎದ್ದ.

ಆಮೇಲೆ ನೀಲಿ ಚುಕ್ಕೆ ಬೀಳಲಿಲ್ಲ. ಒಂದು ದಿನ, ಎರಡು ದಿನ, ಐದು ದಿನ. “ಮದ್ದು ನಾಟಿತು ನೋಡು,” ಎಂದು ಮಗಳ ಮುಂದೆ ಬೀಗಿದ. ಹೆಂಡತಿಗೂ ಹೇಳಬೇಕೆಂದುಕೊಂಡ. ಕೆಲಸ ಮುಗಿಸಿ ಹತ್ತುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿರುತ್ತಿತ್ತು.

ಆರನೇ ದಿನವೂ ಮೂರಕ್ಕೆ ಟ್ರೇ ಒಯ್ದ ಕೌಂಟರಮ್ಮ ಅದನ್ನು ಹಾಗೆಯೇ ಹಿಡಿದು ಕೆಳಗೆ ಬಂದಳು. ಮಹಡಿಯತ್ತ ಕೈ ತೋರಿಸಿದಳು. ಬನ್ನಣ್ಣ ಓಡಿ ಹತ್ತಿದಾಗ ಹೆಂಡತಿಯ ಕೈ ತಣ್ಣಗಾಗಿತ್ತು. ಆ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. “ನಿನಗೇನೂ ಕಮ್ಮಿ ಮಾಡಿರ್ಲಿಲ್ವಲ್ಲೇ,” ಎಂದು ಅದನ್ನೇ ಹೇಳುತ್ತಿದ್ದ. ಬಂದವರೆಲ್ಲ ಹೌದು ಹೌದು ಎಂದರು.

ಎರಡು ವಾರ ಕಳೆದು ಬೇಕರಿಯ ಬಾಗಿಲು ತೆರೆದಾಗ ಕಂಡಕ್ಟರು ಬಂದು ಅವನ ಕೈ ಹಿಡಿದುಕೊಂಡರು. ಏನಾದರೂ ಆಡಬೇಕಲ್ಲ ಎಂದು ಬನ್ನಣ್ಣ, “ದೂರು ಬರೆಯೋದು ನಿಲ್ಲಿಸಿದ್ರಿ, ದೊಡ್ಡ ಉಪಕಾರ,” ಎಂದ.

“ಯಾವ ದೂರು?” ಕಂಡಕ್ಟರು ಜೇಬಿನಿಂದ ಗುಂಡಿ ಒತ್ತುವ ಹಳೇ ಫೋನು ತೆಗೆದು ತೋರಿಸಿದರು. “ಇದ್ರಲ್ಲಿ ಮಾತು ಕೇಳ್ಸಿದ್ರೇ ಹೆಚ್ಚು.”

ಅಷ್ಟರಲ್ಲಿ ಮಗಳು ಮಹಡಿಯಿಂದ ಇಳಿದು ಬಂದಳು. ಕಿಟಕಿ ಪಕ್ಕದ ಮಂಚದಲ್ಲಿ, ಅಮ್ಮನ ದಿಂಬಿನ ಕೆಳಗೆ ಸಿಕ್ಕಿದ ಫೋನನ್ನು ಚಾರ್ಜಿಗೆ ಹಾಕಿ ತೆರೆದಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಅದನ್ನು ಅಪ್ಪನ ಮುಂದೆ ಹಿಡಿದಳು. ಪರದೆಯ ಮೇಲೆ ತಮ್ಮದೇ ಬೇಕರಿಯ ಪುಟವಿತ್ತು. ಮೇಲೆ ‘ಹಳೇ ಗಿರಾಕಿ’ ಎಂಬ ಹೆಸರು, ಕೆಳಗೆ ಬರೆದೂ ಕಳಿಸದೆ ಬಿಟ್ಟ ಎರಡು ಸಾಲು:

‘ಇವತ್ತು ಕೌಂಟರಮ್ಮ ತಂದಳು, ಮುಖ ನೋಡಿ ಹೇಗಿದ್ದೀರಿ ಅಂತ ಕೇಳಿದಳು. ಅವರು ಬರಲಿಲ್ಲ.’