ಕಲ್ಲಿಗೆ ನಾಮಕರಣ

ಮಗು ನನ್ನದಲ್ಲ ಅಂತ ಇವರಿಗೆಲ್ಲ ಹೇಗೆ ಹೇಳುವುದು? ಬೆಳಿಗ್ಗೆ ಡೈರಿಯಲ್ಲಿ ಇಷ್ಟು ಬರೆದು ವರ್ಷಿಣಿ ಪೆನ್ನು ಮುಚ್ಚಿದ್ದಳು. ಈಗ ತಲೆಗೆ ಬಾಣಂತಿಯ ಹಾಗೆ ಸ್ಕಾರ್ಫು ಬಿಗಿಸಿಕೊಂಡು ನಡುಮನೆಯ ಚಾಪೆಯ ಮೇಲೆ ಕೂತಿದ್ದಳು. ಬಿಗಿದವರು ಅಜ್ಜಿ ಸರ್ವಮಂಗಳಮ್ಮ.

ಮಗು ಎಂದರೆ ಒಂದು ಕ್ಷುದ್ರಗ್ರಹ. ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಕಲ್ಲುಗಳ ಪಟ್ಟಿಯ ಹೊರ ಅಂಚಿನಲ್ಲಿತ್ತು. ಎಲ್ಲಿಯದೋ ದೂರದರ್ಶಕ ತೆಗೆದ ಚಿತ್ರಗಳನ್ನು ನಾಲ್ಕು ತಿಂಗಳು ಲ್ಯಾಪ್‌ಟಾಪಿನಲ್ಲಿ ನೋಡಿ ನೋಡಿ ಅವಳು ಆ ಚುಕ್ಕೆಯನ್ನು ಹಿಡಿದಿದ್ದಳು. "ಕಂಡೋಳೇ ಹೆತ್ತೋಳು. ಹೆಸರಿಡೋ ಶಾಸ್ತ್ರ ಆಗ್ಲೇಬೇಕು," ಎಂದು ಅಜ್ಜಿ ಹಾಲ್ಕುರಿಕೆಯ ಅರ್ಧ ಊರನ್ನು ಕರೆದುಬಿಟ್ಟಿದ್ದರು. ಇವತ್ತು ಬೆಳಿಗ್ಗೆ ಆ ಚಿತ್ರಗಳನ್ನು ಕಳಿಸಿದವರಿಂದ ಮೇಲ್ ಬಂದಿತ್ತು: ಇದನ್ನು ಬೇರೆಯವರು ಹನ್ನೊಂದು ವರ್ಷದ ಹಿಂದೆಯೇ ಗುರುತಿಸಿದ್ದಾರೆ, ನಿಮ್ಮ ಶ್ರಮಕ್ಕೆ ವಂದನೆ.

ಯಾರ ಮನೆಯ ನಾಮಕರಣದಲ್ಲೂ ಮಗುವಿಗಿಂತ ಮೊದಲು ತೊಟ್ಟಿಲೇರುವುದು ರುಬ್ಬುವ ಗುಂಡುಕಲ್ಲು. ಇವತ್ತು ಅದರ ಹಿಂದೆ ಬರಬೇಕಾದ ಮಗು ಇರಲಿಲ್ಲ. ಹಾಗಾಗಿ ಕುಲಾವಿ, ದೃಷ್ಟಿಬೊಟ್ಟು ಎಲ್ಲವೂ ಗುಂಡಿಗೇ.

"ಗಂಡೋ ಹೆಣ್ಣೋ?" ಸೋದರತ್ತೆ ವಿಮಲಮ್ಮ ಕೇಳಿದರು. ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಅವರದು. ಅದಕ್ಕೆಂದೇ ತಿಪಟೂರಿನಿಂದ ಬಂದಿದ್ದರು.

"ಕಲ್ಲು, ಅತ್ತೆ."

"ಹುಟ್ಟಿದಬ್ಬ ಯಾವಾಗ ಮಾಡೋದು?"

"ಸೂರ್ಯನ್ನ ಒಂದು ಸುತ್ತು ಬರೋಕೆ ಐದೂವರೆ ವರ್ಷ ಬೇಕು."

"ಬುಡು, ಕೇಕ್ ಖರ್ಚು ಉಳೀತು."

ಅಪ್ಪ ಕರಿಬಸವಯ್ಯ ಕೊಬ್ಬರಿ ವ್ಯಾಪಾರಿ. ತೊಟ್ಟಿಲಿಗೆ ಹಾಕಲು ಗುಂಡನ್ನು ಎರಡು ಕೈಯಲ್ಲಿ ಎತ್ತಿದವರು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಳಗೆ ಗುಡುಗುಡು ಸದ್ದೇ ಇಲ್ಲ, ಇನ್ನೂ ಒಣಗಿಲ್ಲ," ಎಂದರು.

"ಅದು ಕೊಬ್ಬರಿಯಲ್ಲ ಕಣೋ, ನಿನ್ನ ಮೊಮ್ಮಗು!" ಅಜ್ಜಿ ಗದರಿದರು.

"ಅಜ್ಜಿ, ಒಂದ್ ಮಾತು..."

"ಮುಚ್ಚೇ ಬಾಯಿ, ಗಾಳಿ ಹೋದಾತು. ಬಾಣಂತಿ ಕಣೇ ನೀನು."

ವಿಮಲಮ್ಮ ತೊಟ್ಟಿಲಿಗೆ ಬಗ್ಗಿ, ಕಿವಿ ಯಾವ ಕಡೆ ಎಂದು ಗುಂಡನ್ನು ತಿರುಗಿಸಿ ನೋಡಿದರು. ಪಕ್ಕದ ಮನೆಯ ರಂಗಮ್ಮ ವಿಡಿಯೋಗೆ ಮೊಬೈಲು ಎತ್ತಿದರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸುಳ್ಳು ಊರೂರಿಗೆ ಹೋಗುತ್ತದೆ, ಇನ್ನೊಬ್ಬರದನ್ನು ಕದ್ದವಳು ನಾನಾಗುತ್ತೇನೆ. ವರ್ಷಿಣಿ ಎದ್ದು ತೊಟ್ಟಿಲು ಹಿಡಿದು ನಿಲ್ಲಿಸಿದಳು. ದನಿ ಬಂದೇಬಿಟ್ಟಿತು, ಅವಳಿಗೇ ಗಾಬರಿಯಾಗುವಷ್ಟು ಜೋರಾಗಿ.

"ಇದು ನಂದಲ್ಲ! ಹನ್ನೊಂದು ವರ್ಷದ ಹಿಂದೇನೇ ಬೇರೆಯವರು ಕಂಡಿದ್ದಾರೆ. ನಾನೇನೂ ಹೆತ್ತಿಲ್ಲ!"

ರಂಗಮ್ಮನ ಮೊಬೈಲು ಕೆಳಗಿಳಿಯಿತು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅವ್ರು ಏನಂತ ಹೆಸರಿಟ್ಟವ್ರೆ?"

"ಹೆಸರಿಲ್ಲ ಅಜ್ಜಿ. ಒಂದು ನಂಬರ್ ಕೊಟ್ಟಿದ್ದಾರೆ, ಅಷ್ಟೇ."

"ಹನ್ನೊಂದ್ ವರ್ಷದಿಂದ ಬರೀ ನಂಬರ್ರಾ? ಅದೇನು ಕೂಸೋ, ಮಂಡೀಲಿ ನಂಬರ್ ಹಾಕಿದ ಕೊಬ್ಬರಿ ಚೀಲವೋ!" ಅಜ್ಜಿ ಮೊಮ್ಮಗಳ ಕೈ ಬಿಡಿಸಿ ತೊಟ್ಟಿಲು ತೂಗಿದರು. "ವಿಮಲಿ, ನೀ ಹೆಸರು ಹೇಳೇ. ಹೆತ್ತೋರು ಕೇಳ್ಕೊಂಡು ಬಂದ್ರೆ ನಾನ್ ಮಾತಾಡ್ತೀನಿ."